ಟೋಲ್ ನಾಕಾ ದಾಟಿದ ಚರಗ

ನಮ್ಮ ಮನೆಯವರ ಕೆಲಸ ಟೋಲ್ ನಾಕಾದಲ್ಲಿ. ಗಾಜಿನ ಗೂಡಿನೊಳಗೆ ಕುಳಿತು ಬಂದವರನ್ನು ತಡೆಯುವುದು, ಆಮೇಲೆ ಬಿಡುವುದು. ಮನೆಯಲ್ಲಿ ಅವರು ‘ನಿಲ್ಲು’ ಅಂದರೆ ಬೆಕ್ಕೂ ನಿಲ್ಲುವುದಿಲ್ಲ. ಅಲ್ಲಿ ಮಾತ್ರ ಹದಿನಾಲ್ಕು ಗಾಲಿಯ ಲಾರಿ ಅವರ ಒಂದು ಬೆರಳಿಗೆ ನಿಲ್ಲುತ್ತದೆ. ಹಾಗಾಗಿ ಕೆಲಸ ಮುಗಿಸಿ ಬಂದ ಮೇಲೂ ಸ್ವಲ್ಪ ಹೊತ್ತು ಅವರ ಕುತ್ತಿಗೆ ನೆಟ್ಟಗೇ ಇರುತ್ತದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದಾರೆ. ಬರೆಯಬಾರದು ಎಂದೇನೂ ಹೇಳಿಲ್ಲ. ಸಂಗನಬಸವ.

ಹುಬ್ಬಳ್ಳಿಗೂ ಗದಗಕ್ಕೂ ನಡುವೆ ಆ ಟೋಲ್ ರಸ್ತೆ ಬಂದದ್ದು ನಮ್ಮ ಹೊಲವನ್ನು ಸೀಳಿಕೊಂಡು. ಅಂಚಿನಲ್ಲಿ ಹೋಗಿದ್ದರೆ ಒಂದು ಮಾತು. ನಟ್ಟನಡುವೆ, ರೊಟ್ಟಿ ಹರಿದ ಹಾಗೆ ಹರಿದುಬಿಟ್ಟರು. ಬಾವಿ, ಬನ್ನಿಗಿಡ, ಬಿಳಿಜೋಳ ಈ ಕಡೆ ಉಳಿದವು. ಕಡಲೆ, ಕುಸುಬೆ ಬೆಳೆಯುವ ತಗ್ಗಿನ ಎರೆಭೂಮಿ ಆ ಕಡೆಗೆ ಹೋಯಿತು. ನಡುವೆ ಹಗಲೂ ರಾತ್ರಿ ನಿಲ್ಲದ ಗಾಡಿಗಳು, ಎರಡೂ ಬಾಜು ಕಬ್ಬಿಣದ ತಡೆ, ಮಧ್ಯದಲ್ಲಿ ಕಣಗಿಲ ಹೂವಿನ ಸಾಲು. ಬನ್ನಿಗಿಡದ ಕೆಳಗೆ ನಿಂತರೆ ನಮ್ಮ ಕಡಲೆ ನಮಗೇ ಕಾಣುತ್ತದೆ. ಆದರೆ ಅಲ್ಲಿಗೆ ಹೋಗಬೇಕೆಂದರೆ ಒಂದೋ ಗದಗಿನ ಕಡೆಗೆ ಹೋಗಿ ಕೆಳಸೇತುವೆಯಲ್ಲಿ ನುಸುಳಬೇಕು, ಇಲ್ಲವೇ ಹುಬ್ಬಳ್ಳಿಯ ಕಡೆಗೆ ಹೋಗಿ ಟೋಲ್ ನಾಕಾ ದಾಟಿ ಹೊರಳಿಕೊಂಡು ಬರಬೇಕು. ಎದುರಿಗೇ ಇರುವ ಸ್ವಂತ ಹೊಲಕ್ಕೆ ಹೋಗಲು ನಾವು ಬುತ್ತಿ ಕಟ್ಟಿಕೊಂಡು ಹೊರಡುವಂತಾಯಿತು.

ಊರವರೆಲ್ಲ ಅದನ್ನು ಆಚೆ ಹೊಲ, ಈಚೆ ಹೊಲ ಎಂದು ಕರೆಯತೊಡಗಿದರು. ನಾನೂ ಕರೆದೆ. ಕರೆಯದೇ ಉಳಿದವರು ನಮ್ಮತ್ತೆ ಅನ್ನವ್ವ ಒಬ್ಬರೇ.

“ಯವ್ವಾ, ಆಚಿ ಹೊಲದಾಗ ಕಡ್ಲಿಗೆ ಹುಳಾ ಬಿದ್ದೈತಿ,” ಎಂದು ಮಗ ಹೇಳಿದರೆ, “ಯಾವ ಹೊಲಾನೋ ಯಪ್ಪಾ? ನಮಗ ಇರೂದು ಒಂದ ಹೊಲಾ,” ಎನ್ನುತ್ತಾರೆ. ಹುಳದ ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ಹುಳ ಮಾತ್ರ ನಿಲ್ಲುವುದಿಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ಗದಗಿನ ಕಡೆಯವರೊಬ್ಬರು ಢಾಬಾ ಹಾಕಲು ಜಾಗ ಹುಡುಕುತ್ತ ಬಂದರು. ಆಚೆ ಹೊಲ ಅವರ ಕಣ್ಣಿಗೆ ಬಿತ್ತು. ನಮ್ಮವರಿಗೂ ಅಲ್ಲಿಗೆ ಸುತ್ತುಹಾಕಿ ಹೋಗಿ ಸಾಕಾಗಿತ್ತು. ಅವರನ್ನು ಪೂರ್ತಿ ಬಯ್ಯಲೂ ಆಗುವುದಿಲ್ಲ. ಪಾಳಿ ಮುಗಿಸಿ, ಅಷ್ಟು ದೂರ ತಿರುಗಿ, ಕಡಲೆಗೆ ಔಷಧ ಹೊಡೆದು ಬರುವಷ್ಟರಲ್ಲಿ ಅವರ ಮುಖ ಬಾಡಿರುತ್ತಿತ್ತು. ಆದರೆ ಮಾರಲು ಅತ್ತೆಯ ಸಹಿ ಬೇಕಿತ್ತು, ಮತ್ತು ಅತ್ತೆ ಸಹಿಯ ಮಾತು ಬಂದಾಗಲೆಲ್ಲ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಆ ಹೊಲದ ಒಡ್ಡನ್ನು ಅವರು ಮದುವೆಯಾಗಿ ಬಂದ ವರ್ಷ ಮಾವನವರ ಜೊತೆ ಬುಟ್ಟಿ ಹೊತ್ತು ಹಾಕಿದ್ದರು. ಅದನ್ನು ಅವರು ಯಾರಿಗೂ ನೆನಪಿಸಲಿಲ್ಲ. ನೆನಪಿಸಿದ್ದರೆ ನಮ್ಮವರಿಗೆ ವಾದ ಮಾಡಲು ಬಾಯಿ ಇರುತ್ತಿರಲಿಲ್ಲ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಮಾತು ಮತ್ತೆ ಹತ್ತಿಕೊಂಡಿತು.

ನಮ್ಮ ಕಡೆ ಆ ದಿನ ಹೊಲಕ್ಕೆ ಉಣಿಸುತ್ತೇವೆ. ಅದಕ್ಕೇ ಚರಗ ಚೆಲ್ಲುವುದು ಎನ್ನುವುದು. ರೊಟ್ಟಿ, ಕಡುಬು, ಹೋಳಿಗೆ, ಪಲ್ಯ, ಮೊಸರನ್ನ ಎಲ್ಲವನ್ನೂ ಬುಟ್ಟಿಯಲ್ಲಿ ಕಲಸಿಕೊಂಡು ಒಬ್ಬರು ಹೊಲದ ಸುತ್ತ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು. ಹಿಂದಿನವರು ತಂಬಿಗೆಯಿಂದ ನೀರು ಚಿಮುಕಿಸುತ್ತ ‘ಸಲಾಂಬ್ರಿಗೋ’ ಎಂದು ಓಗೊಡಬೇಕು. ನಮ್ಮ ಮನೆತನದಲ್ಲಿ ಇದಕ್ಕೆ ಒಂದಿಷ್ಟು ಕಟ್ಟಳೆಗಳಿವೆ: ಸುತ್ತು ಮುಗಿಯುವತನಕ ನಿಲ್ಲಬಾರದು, ಹಿಂದೆ ತಿರುಗಬಾರದು, ಚೆಲ್ಲುವವರೂ ಓಗೊಡುವವರೂ ಆ ಕೂಗು ಬಿಟ್ಟು ಬೇರೆ ಮಾತಾಡಬಾರದು. ಕೂಗಿಗೆ ಓಗೊಡುವವರಿಲ್ಲದಿದ್ದರೆ ಚರಗ ಮುರಿದಂತೆ. ರಸ್ತೆ ಬಂದಮೇಲೆ ನಾವು ಈ ಕಡೆ ಒಂದು, ಆ ಕಡೆ ಇನ್ನೊಂದು ಚರಗ ಚೆಲ್ಲುತ್ತಿದ್ದೆವು. ನಮ್ಮವರು ಅದನ್ನೇ ಹಿಡಿದುಕೊಂಡರು.

“ಎರಡು ಚರಗಾ ಅಂದ್ರ ಎರಡು ಹೊಲಾ ಆತಲ್ಲ ಬೇ,” ಎಂದರು ತಾಯಿಗೆ. “ಒಂದ ಹೊಲಾ ಅಂತಿದ್ರ ಒಂದ ಸುತ್ತಿನ್ಯಾಗ ಚರಗ ಮುಗಿಸಿ ತೋರ್ಸು. ಮಾರೂ ಮಾತ ಎತ್ತೂದಿಲ್ಲ. ಮುಗೀಲಿಲ್ಲಂದ್ರ ಮರುದಿನ ಸಹಿ ಮಾಡಬೇಕ.”

ಅತ್ತೆ ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ, “ಆತು,” ಎಂದರು.

ನಮ್ಮವರು ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ಅವರ ಲೆಕ್ಕಾಚಾರ ನನಗೆ ಗೊತ್ತಾಯಿತು. ಕೆಳಸೇತುವೆಯಲ್ಲಿ ಹೋಗಿ ಅದೇ ದಾರಿಯಲ್ಲಿ ಮರಳಿದರೆ ಸುತ್ತಾಗುವುದಿಲ್ಲ; ಸುತ್ತು ಮುಗಿಯಬೇಕಾದರೆ ಟೋಲ್ ನಾಕಾ ದಾಟಲೇಬೇಕು. ಟ್ರ್ಯಾಕ್ಟರಿಗೆ ಅಲ್ಲಿ ಟೋಲ್ ಇಲ್ಲ, ಆದರೆ ನಿಲ್ಲಬೇಕು. ನಂಬರು ಒತ್ತಿಕೊಂಡು, ಫೋಟೋ ಬಂದ ಮೇಲಷ್ಟೇ ಒಳಗಿನವರು ಗೇಟಿನ ಗುಂಡಿ ಒತ್ತುವುದು. ನಿಂತರೆ ಚರಗ ಮುರಿಯಿತು. ಅಲ್ಲಿ ನಿಲ್ಲಿಸುವವರಂತೂ ಸ್ವತಃ ಅವರೇ, ಏಕೆಂದರೆ ಅಮಾವಾಸ್ಯೆಗೆ ಅವರಿಗೆ ರಜೆ ಸಿಕ್ಕಿರಲಿಲ್ಲ. ಗಂಡನ ಜಾಣತನ ಕಂಡು ನನಗೆ ಹೆಮ್ಮೆಯಾಗಬೇಕಿತ್ತು. ಹೊಟ್ಟೆ ಉರಿಯಿತು.

ಅಮಾವಾಸ್ಯೆಯ ಬೆಳಿಗ್ಗೆ ಒಲೆಯ ಮುಂದೆ ಕುಳಿತು ಅತ್ತೆ ಗಂಟಲು ಸರಿಮಾಡಿಕೊಂಡರು. “ಹುಲ್ಲುಲ್ಲಿಗೋ!” ಎಂದು ಒಮ್ಮೆ ಕೂಗಿ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಬಚ್ಚಲ ಕಡೆಯಿಂದ, ಹಲ್ಲುಜ್ಜುತ್ತಿದ್ದ ನಮ್ಮವರ ಬಾಯಿಂದ, ನೊರೆಯ ಜೊತೆಗೇ ಬಂತು: “ಸಲಾಂಬ್ರಿಗೋ!” ಬ್ರಷ್ ಹಿಡಿದ ಕೈ ನೀರು ಚಿಮುಕಿಸಿದ ಹಾಗೆ ಒಮ್ಮೆ ಝಾಡಿಸಿತು. ತಾವು ಓಗೊಟ್ಟದ್ದು ಅವರಿಗೇ ಗೊತ್ತಾಗಲಿಲ್ಲ. ಉಗುಳಿ, ಮುಖ ತೊಳೆದುಕೊಂಡು, ಟೋಲಿನ ನೀಲಿ ಅಂಗಿ ಹಾಕಿಕೊಂಡು ಹೋದರು. ಏಳೆಂಟು ವರ್ಷದವರಿದ್ದಾಗಿನಿಂದ ತಂದೆಯ ಹಿಂದೆ ತಂಬಿಗೆ ಹಿಡಿದು ನಡೆದವರು ಅವರು. ನಾನು ರೊಟ್ಟಿ ಬಡಿಯುತ್ತ ಕುಳಿತೆ. ಆದರೆ ಆ ಝಾಡಿಸಿದ ಕೈ ನನ್ನ ಕಣ್ಣಿನಲ್ಲಿ ಉಳಿಯಿತು.

ನೆರೆಮನೆಯ ಯುನೂಸ್ ಟ್ರ್ಯಾಕ್ಟರ್ ತಂದ. ಟ್ರೇಲರಿನಲ್ಲಿ ಅತ್ತೆ ಬುಟ್ಟಿ ಹಿಡಿದು ಮುಂದೆ ನಿಂತರು, ನಾನು ತಂಬಿಗೆ ಹಿಡಿದು ಹಿಂದೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ ಹೊರಡುವ ಮುನ್ನ ಯುನೂಸ್ ತಿರುಗಿ ಕೇಳಿದ: “ಕಾಕೂ, ಬ್ರೇಕ್ ಹಾಕೂ ಹಂಗಿಲ್ಲ ಹೌದಿಲ್ಲೋ?”

“ಬ್ರೇಕ್ ಹಾಕಿದಿ ಅಂದ್ರ ಹೋಳಗಿ ಸಿಗೂದಿಲ್ಲ ನೋಡ್ಲೇ,” ಎಂದರು ಅತ್ತೆ. ಅದೇ ಕೊನೆಯ ಮಾತು. ಆಮೇಲೆ ನಮ್ಮಿಬ್ಬರದೂ ಬರೀ ಕೂಗು.

ಈಚೆ ಹೊಲದ ಬದುವಿನ ಮೇಲೆ ಸರಾಗವಾಗಿ ಸಾಗಿತು. ಜೋಳದ ತೆನೆಗಳ ಮೇಲೆ ಕಡುಬಿನ ಚೂರು ಬಿತ್ತು, ಗುಬ್ಬಿಗಳು ಹಿಂದೆಯೇ ಬಂದವು. ರಸ್ತೆಗೆ ಹತ್ತಿದ ಮೇಲೂ ಅತ್ತೆ ಚೆಲ್ಲುವುದನ್ನು ನಿಲ್ಲಿಸಲಿಲ್ಲ. ಡಾಂಬರಿನ ಕೆಳಗಿರುವುದೂ ತಮ್ಮ ಮಣ್ಣೇ ಎಂದು ಅವರ ನಂಬಿಕೆ. ಬಾಜುವಿನಲ್ಲಿ ಬುರ್ರೆಂದು ಹೋಗುತ್ತಿದ್ದ ಬಿಳಿ ಕಾರಿನ ಗಾಜಿನ ಮೇಲೆ ಒಂದು ಹಿಡಿ ಪುಂಡಿಪಲ್ಯ ಹೋಗಿ ಕುಳಿತಿತು. ಒಳಗಿದ್ದವರು ವೈಪರ್ ಹಾಕಿದರು. ಅದು ಇನ್ನಷ್ಟು ಚೆನ್ನಾಗಿ ಹರಡಿತು. ನಗು ಬಂದರೂ ನಗುವಂತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ಕೂಗು ಬಂದಾಗ ತೆಗೆದು ಓಗೊಟ್ಟು, ಮತ್ತೆ ತುರುಕಿಕೊಂಡೆ.

ಕೆಳಸೇತುವೆಯಲ್ಲಿ ಎಮ್ಮೆಗಳು ಅಡ್ಡ ಬಂದವು. ಯುನೂಸ್ ನಿಲ್ಲಿಸದೆ, ಆಮೆಯಂತೆ ಅವುಗಳ ಹಿಂದೆಯೇ ನಡೆಸಿದ. ಆಚೆ ಹೊಲವನ್ನೂ ಸುತ್ತಿದೆವು. ತಾವು ಹಾಕಿದ ಒಡ್ಡಿನ ಹತ್ತಿರ ಅತ್ತೆ ಎರಡು ಹಿಡಿ ಹೆಚ್ಚಿಗೆ ಚೆಲ್ಲಿದರು. ಮತ್ತೆ ರಸ್ತೆಗೆ ಹತ್ತಿ ಹುಬ್ಬಳ್ಳಿಯ ಕಡೆಗೆ ಹೊರಟೆವು. ಇನ್ನು ಉಳಿದದ್ದು ಟೋಲ್ ನಾಕಾ. ಅದನ್ನು ಹೋಗುತ್ತ ಒಮ್ಮೆ, ಹೊರಳಿ ಬರುತ್ತ ಒಮ್ಮೆ ದಾಟಬೇಕು.

ಹೋಗುವ ಸಾಲಿನಲ್ಲಿ ನಮ್ಮೂರಿನ ಶಬೀನಾ ಕುಳಿತಿದ್ದಳು. ದೂರದಿಂದಲೇ ಕೂಗು ಕೇಳಿ, ನಮ್ಮ ನಂಬರು ಮೊದಲೇ ಒತ್ತಿ, ಗೇಟು ಎತ್ತಿಟ್ಟು, ನಾವು ಹಾಯುವಾಗ ಕಿಟಕಿಯಿಂದ ಕೈ ಚಾಚಿದಳು. ಅತ್ತೆ ಮಾತಾಡದೆ ಅವಳ ಕೈಗೆ ಒಂದು ಹೋಳಿಗೆ ಇಟ್ಟರು. ಟ್ರ್ಯಾಕ್ಟರ್ ನಿಲ್ಲಲಿಲ್ಲ.

ಬರುವ ಸಾಲಿನಲ್ಲಿ ನಮ್ಮವರಿದ್ದರು. ಅವರ ಬೆನ್ನ ಹಿಂದೆ ಹೊರಗಿನೂರಿನ ಮ್ಯಾನೇಜರು ನಿಂತಿದ್ದರು. ಗೇಟು ಇಳಿದಿತ್ತು. ನಮ್ಮವರು ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಲಾರಿಗಳನ್ನು ನಿಲ್ಲಿಸುವ ಅದೇ ಬೆರಳನ್ನು ಎತ್ತಿದರು. ಕಿಟಕಿಯ ಮೇಲಿನ ಧ್ವನಿವರ್ಧಕದಲ್ಲಿ ಅವರ ದನಿ ಬಂತು: “ನಿಲ್ಲಸು ಯುನೂಸ.”

“ನಿಲ್ಲಸೂ ಹಂಗಿಲ್ಲೋ ಮಾರಾಯಾ, ಹೋಳಗಿ ಹೋಗತೈತಿ!” ಎಂದು ಯುನೂಸ್ ಕೂಗಿದ. ಟ್ರ್ಯಾಕ್ಟರನ್ನು ಕೂಸು ಅಂಬೆಗಾಲಿಡುವಷ್ಟು ನಿಧಾನ ಮಾಡಿದ. ಆದರೂ ಗೇಟು ಹತ್ತಿರ ಬರುತ್ತಲೇ ಇತ್ತು. ಹಿಂದೆ ಗಾಡಿಗಳು ಹಾರ್ನ್ ಬಾರಿಸತೊಡಗಿದವು.

ಅತ್ತೆಯ ಮುಖ ನೋಡಿದೆ. ನಾನು ಮದುವೆಯಾಗಿ ಬಂದಾಗಿನಿಂದ ಆ ಮುಖದಲ್ಲಿ ಹೆದರಿಕೆ ಕಂಡಿರಲಿಲ್ಲ. ಅಂದು ಕಂಡೆ. ಮಗನ ಕಡೆ ನೋಡುತ್ತ, ಬೇಡಿಕೊಳ್ಳಲು ಮಾತಿಲ್ಲದೆ, ಇದ್ದ ಒಂದೇ ಮಾತನ್ನು ಗಂಟಲು ಹರಿಯುವ ಹಾಗೆ ಕೂಗಿದರು.

“ಹುಲ್ಲುಲ್ಲಿಗೋ!”

ಓಗೊಡಬೇಕಾದವಳು ನಾನು. ತುಟಿ ಬಿಗಿಯಾಗಿ ಮುಚ್ಚಿಕೊಂಡೆ. ಬೇಕಂತಲೇ.

ಅತ್ತೆ ಹಿಂದೆ ತಿರುಗುವಂತಿರಲಿಲ್ಲ. ಅವರ ಬೆನ್ನು ಸೆಟೆದದ್ದು ಮಾತ್ರ ಕಂಡಿತು. ಸೊಸೆ ಕೈಕೊಟ್ಟಳು ಅಂದುಕೊಂಡಿರಬೇಕು. ಬಚ್ಚಲಲ್ಲಿ ಕಂಡದ್ದನ್ನು ನಂಬಿ ಇಡೀ ಹೊಲವನ್ನೇ ಪಣಕ್ಕಿಟ್ಟುಬಿಟ್ಟೆನಲ್ಲ ಎಂದು ಹೆದರಿಕೆಯಾಯಿತು.

ಆಗ ಟೋಲ್ ನಾಕಾದ ಎಲ್ಲ ಸಾಲುಗಳಿಗೂ ಕೇಳುವಂತೆ ಧ್ವನಿವರ್ಧಕ ಗುಡುಗಿತು.

“ಸಲಾಂಬ್ರಿಗೋ!”

ನಮ್ಮವರ ಬಾಯಿಯ ಜೊತೆಗೆ ಕೈಯೂ ನೀರು ಚಿಮುಕಿಸಿದ ಹಾಗೆ ಝಾಡಿಸಿತು. ಆ ಕೈ ಹೋಗಿ ಬಡಿದದ್ದು ಗೇಟಿನ ಗುಂಡಿಗೆ. ಗೇಟು ಎದ್ದಿತು. ಯುನೂಸ್ ಅದರ ಕೆಳಗೆ ನುಗ್ಗಿಸಿದ. ನಾನು ತಂಬಿಗೆಯ ನೀರನ್ನು ನಮ್ಮವರ ಗಾಜಿನ ಮೇಲೆ ಧಾರಾಳವಾಗಿ ಚಿಮುಕಿಸಿದೆ. ನೀರಿನ ಆಚೆ ಅವರ ಬಾಯಿ ತೆರೆದೇ ಇತ್ತು. ಗುಂಡಿಯ ಮೇಲಿದ್ದ ಕೈಯನ್ನು ಅದು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದರು.

“ಕೌನ್ ಥೇ?” ಎಂದು ಮ್ಯಾನೇಜರು ಕೇಳಿದರಂತೆ, ಯಾರು ಹೋದದ್ದು ಎಂದು. ನಮ್ಮವರು “ವಿಐಪಿ, ಸರ್,” ಅಂದರಂತೆ. ಇದನ್ನು ನಮಗೆ ಹೇಳಿದವಳು ಶಬೀನಾ.

ಬನ್ನಿಗಿಡಕ್ಕೆ ಬಂದು ಸುತ್ತು ಮುಗಿಸಿದೆವು. ಅತ್ತೆ ಬುಟ್ಟಿ ಇಳಿಸಿ, ಮೊದಲು ನನ್ನ ಕಿವಿ ಹಿಂಡಿದರು. “ಯಾಕ್ ಸುಮ್ಮನಾದಿ ಬೇ ಅಲ್ಲಿ? ಜೀವಾ ಹೋಗಿ ಬಂತು ನಂದು!”

“ಗಂಟಲದಾಗ ಸೆರಗು ಸಿಕ್ಕಿತ್ರಿ ಅತ್ತಿ,” ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು.

ಪಾಳಿ ಮುಗಿಸಿಕೊಂಡು ನಮ್ಮವರು ಮಧ್ಯಾಹ್ನ ಹೊಲಕ್ಕೆ ಬಂದರು. ಯಾರ ಮುಖವನ್ನೂ ನೋಡದೆ ಗಿಡದ ಕೆಳಗೆ ಕುಳಿತು ರೊಟ್ಟಿ ಮುರಿದರು. ಯುನೂಸ್ ಎರಡು ಸಲ ಕೆಮ್ಮಿದ. ನಾನು ಬದನೆಕಾಯಿ ಪಲ್ಯ ಬಡಿಸುತ್ತ, “ಅಲ್ರೀ, ಇವತ್ತ ಟೋಲ್ ನಾಕಾದಾಗ ಯಾರೋ ಅಗದಿ ಚಂದ ಕೂಗಿದ್ರಂತ. ನಿಮಗ ಕೇಳಿಸ್ತೇನ್ರಿ?” ಎಂದೆ.

“ಸುಮ್ನ ಬಡಸು,” ಎಂದರು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಢಾಬಾದವರು. ಅತ್ತೆಯ ಕೈ ತುಪ್ಪದ ಗಿಂಡಿಯ ಮೇಲೆಯೇ ನಿಂತಿತು.

“ಇಲ್ರಿ,” ಎಂದರು ನಮ್ಮವರು. “ಹೊಲಾ ಮಾರೂದಿಲ್ರಿ.” ಆ ಕಡೆಯವರು ಏನೋ ವಿವರಿಸಿ ಹೇಳುತ್ತಿದ್ದರು. ನಮ್ಮವರು ರಸ್ತೆಯ ಆಚೆಗೆ, ಹಸಿರಾಗಿ ನಿಂತ ಕಡಲೆಯ ಕಡೆಗೆ ನೋಡಿದರು. “ಆಚಿದು ಈಚಿದು ಅಂತ ಇಲ್ರಿ. ನಮಗ ಇರೂದು ಒಂದ ಹೊಲಾ.”

ಫೋನು ಕೆಳಗಿಟ್ಟು ಮತ್ತೆ ರೊಟ್ಟಿ ಮುರಿದರು. ಅತ್ತೆ ಏನೂ ಕೇಳಿಸದವರಂತೆ ಗಿಂಡಿಯನ್ನು ನನ್ನ ಕಡೆಗೆ ಸರಿಸಿದರು.

“ಮಾನಂದಾ, ಅವಗ ಇನ್ನೊಂದೀಟು ತುಪ್ಪಾ ಹಾಕು. ಒಂದ ಕೂಗಿಗೆ ಗಂಟಲಾ ಒಣಗಿರಬೇಕು.”