ಹೊರಗೆ ಹೋಗುವ ಹಲ್ಲು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಯಾರೂ ಬಳಸದ ಕಾರಣ ಅದು ಇನ್ನೂ ಹೊಸದಾಗಿಯೇ ಉಳಿದಿತ್ತು. ಮನೆಯಲ್ಲಿ, ನೆಂಟರಲ್ಲಿ, ಕೊನೆಗೆ ಹಾಲು ಹಾಕುವವನ ಬಾಯಲ್ಲೂ ಅವನು ಮುಕ್ಕಾಲು.

ಈ ಬಿರುದು ಕೊಟ್ಟವರು ಅತ್ತೆ, ಹೆಂಡತಿಯ ತಾಯಿ. ಮದುವೆಯಾದ ಹೊಸದರಲ್ಲಿ ಮಗಳ ಮನೆ ನೋಡಲು ಬಂದವರು, ಅಳಿಯ ಸ್ವಂತ ಕೈಯಿಂದ ಮಾಡಿದ ಕುರ್ಚಿಯ ಮೇಲೆ ಕೂತರು. ಆ ಕುರ್ಚಿಗೆ ನಾಲ್ಕನೇ ಕಾಲು ಮುಂದಿನ ಭಾನುವಾರ ಬರುವುದಿತ್ತು. ಅತ್ತೆ ನೆಲದಿಂದ ಎದ್ದು, ಬಟ್ಟೆ ಕೊಡವಿಕೊಂಡು, ಮಗಳನ್ನು ಪಕ್ಕಕ್ಕೆ ಕರೆದು, "ನಿಮ್ಮನೆಯವರು ಮುಕ್ಕಾಲು ಒಳ್ಳೆಯವರು ಕಣೇ" ಅಂದರು. ಒಳ್ಳೆಯವರು ಅನ್ನುವುದು ಬರಬರುತ್ತ ಉದುರಿಹೋಯಿತು. ಮುಕ್ಕಾಲು ಮಾತ್ರ ಗಟ್ಟಿಯಾಗಿ ನಿಂತಿತು.

ಹಾಗಂತ ಅತ್ತೆಯದು ಅನ್ಯಾಯದ ಮಾತೇನಲ್ಲ. ರಿಪೇರಿಗೆಂದು ಬಿಚ್ಚಿದ ಕಿಟಕಿಯ ಒಂದು ರೆಕ್ಕೆ ಮಂಚದ ಕೆಳಗೆ ಮಲಗಿ ಎಷ್ಟೋ ಕಾಲವಾಗಿತ್ತು. ಅಡುಗೆಮನೆಯ ಗೋಡೆಗೆ ಬಳಿದ ಹಸಿರು ಬಣ್ಣ ಫ್ರಿಜ್ಜಿನವರೆಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗಲು ಮನಸ್ಸಾಗದೆ ನಿಂತುಬಿಟ್ಟಿತ್ತು. ಕರೆಗಂಟೆ ಟಿಂಗ್ ಅನ್ನುತ್ತಿತ್ತು, ಟಾಂಗ್ ಬಾಕಿ ಇತ್ತು. ಅವನ ಈ ಗುಣಕ್ಕೆ ಬೆಲೆ ಇದ್ದದ್ದು ಕಚೇರಿಯಲ್ಲಿ ಮಾತ್ರ. ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂತು, ಬಂದವರಿಗೆಲ್ಲ "ಆಗ್ತಾ ಇದೆ" ಅನ್ನುವುದು ಅವನ ಉದ್ಯೋಗ. ಆ ಕಿಟಕಿಯಲ್ಲಿ "ಆಗಿದೆ" ಅಂದ ಮನುಷ್ಯನನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಹೀಗೆ ಸುಖವಾಗಿದ್ದವನ ಬದುಕಿಗೆ ಷಡ್ಡಕ ಕಲ್ಲು ಹಾಕಿದ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಹಿಡಿದ ಕೆಲಸವನ್ನೆಲ್ಲ ಮುಗಿಸುವ ಕೆಟ್ಟ ಚಾಳಿ ಅವನದು. ಹೊಸ ಮನೆ ಕಟ್ಟಿಸಿ, ಅದನ್ನೂ ಮುಗಿಸಿ, ಬರುವ ಭಾನುವಾರ ಎರಡೂ ಕಡೆಯ ನೆಂಟರನ್ನು ಊಟಕ್ಕೆ ಕರೆದಿದ್ದ. ಅಷ್ಟು ಜನರ ಮುಂದೆ ಅತ್ತೆ "ಮುಕ್ಕಾಲು, ಸ್ವಲ್ಪ ಇತ್ತ ಬನ್ನಿ" ಎಂದು ಕರೆಯುವುದನ್ನು, ಷಡ್ಡಕ ಪಕ್ಕಕ್ಕೆ ತಿರುಗಿ ನಗುವುದನ್ನು ನೆನೆದಾಗಲೆಲ್ಲ ಮುಕ್ಕಾಲು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಆ ಊಟಕ್ಕೆಂದೇ ಅತ್ತೆ ಮುಂಚಿತವಾಗಿ ಬಂದು ಇವರ ಮನೆಯಲ್ಲಿ ಇಳಿದುಕೊಂಡರು. ಅವರ ಜೊತೆ ಎರಡು ಜೊತೆ ಹಲ್ಲು ಬಂದವು. ಒಂದು ಮನೆ ಹಲ್ಲು: ಹಳೆಯದು, ಸಡಿಲ, ಮಾತಿಗೊಮ್ಮೆ ಟಕ್ ಅನ್ನುವಂಥದು. ಇನ್ನೊಂದು ಹೊರಗೆ ಹೋಗುವ ಹಲ್ಲು: ಮಲ್ಲಿಗೆ ಮೊಗ್ಗಿನಂಥದು, ಫೋಟೋಗೆ, ಬೀಗರ ಮುಂದೆ ನಗುವುದಕ್ಕೆ. ಅದನ್ನು ಬಟ್ಟೆಯಲ್ಲಿ ಸುತ್ತಿ, ದುಂಡನೆಯ ತಗಡಿನ ಡಬ್ಬಿಯಲ್ಲಿ ಹಾಕಿ, ಬಚ್ಚಲುಮನೆಯ ಗೋಡೆಯ ಕಪಾಟಿನ ಕೆಳಗಿನ ಅರೆಯಲ್ಲಿ, ಹಿಂದಕ್ಕೆ ತಳ್ಳಿ ಇಟ್ಟರು.

ಕೈ ಹೊರಗೆ ತೆಗೆದಾಗ ಅಂಗೈ ತುಂಬ ಬಣ್ಣದ ಚಕ್ಕೆ.

"ಏನೇ ಇದು, ಕಪಾಟು ಹಾವಿನ ಹಾಗೆ ಪೊರೆ ಬಿಡ್ತಾ ಇದೆ? ಒಬ್ಬ ಪೇಂಟರ್‌ನ ಕರೆಸಬಾರದಾ?" ಎಂದು ಮಗಳನ್ನು ಕೇಳಿದರು.

"ನಾನೇ ಬಳೀತೀನಿ" ಅಂದ ಮುಕ್ಕಾಲು.

ಟೀ ಬಗ್ಗಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. "ಪೂರ್ತಿನಾ?"

"ಪೂರ್ತಿ."

ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೋಡಿ, ಇದೊಂದು ಕೆಲಸ ಪೂರ್ತಿ ಮುಗಿಸಿಬಿಡಿ. ಭಾನುವಾರ ಅಷ್ಟೂ ಜನದ ಎದುರು ನಿಮ್ಮನ್ನ ಮುಕ್ಕಾಲು ಅನ್ನಲ್ಲ. ಮಾತು ಅಂದ್ರೆ ಮಾತು. ಇಲ್ಲಾಂದ್ರೆ ಇದ್ದಿದ್ದೇ."

ಟಕ್ ಅಂದಿತು ಮನೆ ಹಲ್ಲು. ಒಪ್ಪಂದಕ್ಕೆ ಮೊಹರು ಬಿದ್ದಂತಾಯಿತು.

ಪೇಂಟ್ ಅಂಗಡಿಯವನು ರೋಗಿಯನ್ನು ವಿಚಾರಿಸುವ ಡಾಕ್ಟರಂತೆ ವಿಚಾರಿಸಿದ.

"ಎಲ್ಲಿಗೆ ಬಣ್ಣ?"

"ಬಾತ್‌ರೂಮ್ ಕಪಾಟಿಗೆ."

"ಆವಿ ಹೊಡೆಯುತ್ತಾ?"

"ಹೊಡೆಯುತ್ತೆ."

"ನೀರು?"

"ಸ್ನಾನ ಮಾಡ್ತೀವಲ್ಲ."

ಅಂಗಡಿಯವನು ಲೊಚಗುಟ್ಟಿದ. "ಮೊದಲು ಜಿಡ್ಡು ತೆಗೀರಿ. ಸೋಪಿನ ಜಿಡ್ಡಿನ ಮೇಲೆ ದೇವರು ಬಂದು ಬಳಿದ್ರೂ ಬಣ್ಣ ನಿಲ್ಲಲ್ಲ. ಆಮೇಲೆ ಉಪ್ಪುಕಾಗದ ಹಾಕಿ ಚೆನ್ನಾಗಿ ತಿಕ್ಕಿ. ಧೂಳು ಒರೆಸಿ ಪ್ರೈಮರ್ ಹೊಡೀರಿ. ಅದು ಒಣಗಿದ ಮೇಲೆ ಎನಾಮೆಲ್, ತೆಳ್ಳಗೆ. ದಪ್ಪ ಬಳಿದ್ರೆ ಅಳುತ್ತೆ. ಒಂದು ಕೋಟ್ ಒಣಗೋ ತನಕ ಇನ್ನೊಂದರ ತಂಟೆಗೆ ಹೋಗಬೇಡಿ. ಬಾಗಿಲೆಲ್ಲ ಬಿಚ್ಚಿಟ್ಟು ಬಳೀತೀರಿ ತಾನೇ?"

"ಮತ್ತೆ?" ಅಂದ ಮುಕ್ಕಾಲು.

"ಹಾಗಾದ್ರೆ ಸರಿ. ಇದು ಒಂದ್ಸಲ ಕೂತ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

ಮನೆಗೆ ಬಂದು, ಸ್ಕ್ರೂಡ್ರೈವರ್ ಹಿಡಿದು ಕಪಾಟಿನ ಎರಡು ಬಾಗಿಲುಗಳ ಮುಂದೆ ನಿಂತ ಮುಕ್ಕಾಲಿಗೆ ಮಂಚದ ಕೆಳಗಿನ ಕಿಟಕಿಯ ರೆಕ್ಕೆ ನೆನಪಾಯಿತು. ತನ್ನನ್ನು ತಾನು ಅವನು ಚೆನ್ನಾಗಿ ಬಲ್ಲ. ತಾನು ಬಿಚ್ಚಿದ್ದು ಯಾವುದೂ ಈವರೆಗೆ ಇದ್ದ ಜಾಗಕ್ಕೆ ಮರಳಿಲ್ಲ. ಈ ಸಲ ಆ ತಪ್ಪು ಮಾಡಬಾರದು. ಬಾಗಿಲು ಬಿಚ್ಚಬಾರದು, ಹಾಕಿದ ಹಾಗೇ ಬಳಿಯಬೇಕು. ಅವನ ಜೀವಮಾನದಲ್ಲೇ ಅದು ಬಹಳ ವಿವೇಕದ ತೀರ್ಮಾನವಾಗಿತ್ತು. ಮುಂದಿನ ಅನಾಹುತವೆಲ್ಲ ಆಗಿದ್ದು ಆ ವಿವೇಕದಿಂದಲೇ.

ಕಪಾಟನ್ನು ಖಾಲಿ ಮಾಡಲು ಕೂತ. ಮೇಲಿನ ಅರೆಯದ್ದು ತೆಗೆದು ಬಕೆಟ್ಟಿಗೆ ಹಾಕಿದ. ಅದರ ಕೆಳಗಿನದ್ದು, ಅದರ ಕೆಳಗಿನದ್ದೂ ಹಾಕಿದ. ನಾಲ್ಕನೆಯ ಅರೆಗೆ ಬಗ್ಗಬೇಕಿತ್ತು. ಸೊಂಟ ಬೇಡ ಅಂದಿತು. ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಾಗಿಲು ಮುಚ್ಚಿದ.

ಆಮೇಲೆ ಶುರುವಾಯಿತು ನೋಡಿ ತಪಸ್ಸು. ಕಚೇರಿಗೆ ರಜೆ ಹಾಕಿದ. ದೂರಿನ ಕಿಟಕಿ ಮುಚ್ಚಿದ್ದರಿಂದ ಊರಿನ ನೀರಿನ ತೊಂದರೆ ಹೆಚ್ಚೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಸೋಡಾ ಪುಡಿ ಕಲಸಿದ ನೀರಲ್ಲಿ ಜಿಡ್ಡು ತೊಳೆದ. ಉಪ್ಪುಕಾಗದದಲ್ಲಿ ತಿಕ್ಕಿದ ಧೂಳು ಮನೆಯ ಟೀಯಲ್ಲೂ ಸಿಕ್ಕಿತು. ಪ್ರೈಮರ್ ಬಳಿದು, ಅದು ಒಣಗುವುದನ್ನು ಸ್ಟೂಲಿನ ಮೇಲೆ ಕೂತು, ಒಲೆಯ ಮೇಲೆ ಹಾಲಿಟ್ಟವರಂತೆ ಕಣ್ಣು ಕೀಳದೆ ಕಾದ. ಮನೆಯವರಿಗೆ ಬಿಸಿನೀರು ಬಂದ್ ಆಯಿತು. ಆವಿ ತಾಗಿದರೆ ಬಣ್ಣಕ್ಕೆ ನೆಗಡಿಯಾಗುತ್ತದೆ ಎಂಬುದು ಅವನ ವಾದ. ಸ್ನಾನ ಮಾಡುವವರು ಕಪಾಟಿಗೆ ಬೆನ್ನು ಹಾಕಿ, ತಣ್ಣೀರನ್ನು ಸದ್ದಾಗದಂತೆ ಸುರಿದುಕೊಳ್ಳಬೇಕು. ಚೊಳ್ ಅಂದರೆ ಸಾಕು, ಹೊರಗಿನಿಂದ "ಯಾರದು, ಎರಚ್ತಾ ಇರೋದು?" ಎಂಬ ಕೂಗು ಬರುತ್ತಿತ್ತು.

"ನಿನ್ನ ಗಂಡ ಕಪಾಟಿಗೆ ಬಣ್ಣ ಬಳೀತಾ ಇದಾರೋ, ಬಾಣಂತನ ಮಾಡ್ತಾ ಇದಾರೋ?" ಎಂದು ಅತ್ತೆ ನಡುಗುತ್ತ ಕೇಳಿದರು.

"ಸುಮ್ನಿರಮ್ಮ. ಮೊದಲನೇ ಸಲ ಮಾಡ್ತಾ ಇದಾರೆ" ಅಂದಳು ಮಗಳು.

ಎನಾಮೆಲ್‌ನ ಮೊದಲ ಕೋಟ್ ಬಿದ್ದ ಮೇಲೆ ಬಾಗಿಲಿನ ಹಿಡಿಗಳು ಅಡ್ಡ ಬಂದವು. ಬಿಚ್ಚಬಾರದು ಎಂಬ ನಿಯಮ ಮುರಿದು ಅವೆರಡನ್ನು ಮಾತ್ರ ಬಿಚ್ಚಿದ. ನಿಯಮ ಮುರಿದದ್ದಕ್ಕೆ ಶಿಕ್ಷೆ ಕೂಡಲೇ ಸಿಕ್ಕಿತು: ಸ್ಕ್ರೂಗಳು ಉರುಳಿಕೊಂಡು ಬಚ್ಚಲ ತೂತಿನಲ್ಲಿ ಬಿದ್ದವು. ಹಿಡಿಯಿದ್ದ ಜಾಗದ ತೂತುಗಳು ಮೂಗಿನ ಹೊಳ್ಳೆಗಳಂತೆ ಅವನನ್ನೇ ನೋಡುತ್ತಿದ್ದವು. ಪುಟ್ಟಿ ತಂದು ಮುಚ್ಚಿದ. ಒಂದು ಸಲ ಪುಟ್ಟಿ ಕೈಗೆ ಬಂತೆಂದರೆ ಮನುಷ್ಯನಿಗೆ ಲೋಕವೆಲ್ಲ ಬಿರುಕಾಗಿ ಕಾಣುತ್ತದೆ. ಕೀಲುಗಳ ಉಬ್ಬು ಕಂಡಿತು, ಅದಕ್ಕೂ ಪುಟ್ಟಿ. ಎರಡು ಬಾಗಿಲುಗಳ ನಡುವೆ ಒಂದು ಉದ್ದನೆಯ ಗೀರು ಕಂಡಿತು. ಎಷ್ಟು ಬಳಿದರೂ ಬಣ್ಣ ಅದರೊಳಗೆ ಇಳಿದುಹೋಗಿ ಕೆಲಸವೆಲ್ಲ ಕೆಟ್ಟಂತೆ ಕಾಣುತ್ತಿತ್ತು. ಅದರ ತುಂಬ ಪುಟ್ಟಿ ಒತ್ತಿ, ತಿಕ್ಕಿ, ನುಣ್ಣಗೆ ಮಾಡಿ, ಮೇಲೆ ಇನ್ನೊಂದು ಕೋಟ್ ಕೊಟ್ಟ. ಆಮೇಲೆ ಮತ್ತೊಂದು.

ಶನಿವಾರ ಹೊತ್ತು ಏರುವಷ್ಟರಲ್ಲಿ ಬಚ್ಚಲುಮನೆಯ ಗೋಡೆಯಲ್ಲಿ ಹಾಲುಬಿಳುಪಿನ, ಸುಲಿದ ಮೊಟ್ಟೆಯಷ್ಟು ನುಣುಪಾದ ಒಂದು ವಸ್ತು ಹೊಳೆಯುತ್ತಿತ್ತು. ಮುಕ್ಕಾಲು ಬ್ರಶ್ ಕೆಳಗಿಟ್ಟ. ಮಾಡಬೇಕಾದ್ದು ಇನ್ನೇನೂ ಉಳಿದಿಲ್ಲ ಎಂಬ ಅನುಭವ ಅವನಿಗೆ ಹೊಸದು.

ಹೆಂಡತಿ ಬಂದು ಒಂದು ಚೊಂಬು ನೀರು ಎರಚಿದಳು. ಹನಿಗಳು ಜಾರಿಕೊಂಡು ಓಡಿದವು. ಅತ್ತೆ ಕನ್ನಡಕ ಏರಿಸಿ, ಉಗುರಿನಲ್ಲಿ ಗೀರಿ ನೋಡಿದರು. ಬಣ್ಣಕ್ಕೆ ಏನೂ ಆಗಲಿಲ್ಲ, ಉಗುರಿನ ತುದಿ ಮುರಿಯಿತು.

"ಏನೋ ಕಮ್ಮಿ ಇದೆ ಅನ್ನಿಸ್ತಾ ಇದೆಯಲ್ರೀ" ಅಂದಳು ಹೆಂಡತಿ.

"ಕೊಳೆ ಕಮ್ಮಿ ಇದೆ" ಅಂದ ಅವನು.

ಅತ್ತೆ ಮುರಿದ ಉಗುರನ್ನು ಸೆರಗಿಗೆ ಉಜ್ಜಿಕೊಂಡರು. ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, "ಮುಗಿಸಿಬಿಟ್ರಿ, ಅಳಿಯಂದ್ರೇ" ಅಂದರು. ಮುಕ್ಕಾಲು ಊಟ ಬೇಡ ಅಂದ. ಹೊಟ್ಟೆ ತುಂಬಿತ್ತು.

ಭಾನುವಾರ ಬೆಳಗ್ಗೆ ಎಲ್ಲರೂ ಹೊರಟು ನಿಂತಾಗ ಅತ್ತೆ ಮಗಳಿಗೆ, "ನನ್ನ ಹೊರಗೆ ಹೋಗೋ ಹಲ್ಲು ತಂದುಕೊಡೇ" ಅಂದರು.

ಮಗಳು ಬಚ್ಚಲುಮನೆಗೆ ಹೋದಳು.

"ರೀ."

"ಏನೇ?"

"ಇದರ ಬಾಗಿಲು ಎಲ್ಲಿ?"

ಮುಕ್ಕಾಲು ಬಂದು ಪಕ್ಕದಲ್ಲಿ ನಿಂತ. "ಅಲ್ಲೇ ಇದೆಯಲ್ಲ."

"ಅಲ್ಲೇ ಅಂದ್ರೆ ಎಲ್ಲಿ?"

"ಬಣ್ಣದ ಹಿಂದೆ."

ಹೆಂಡತಿ ಅವನನ್ನೂ ಕಪಾಟನ್ನೂ ಸರದಿಯಂತೆ ನೋಡಿದಳು. "ಒಳಗಿದ್ದ ಸಾಮಾನೆಲ್ಲ ಮೊದಲೇ ತೆಗೆದಿದ್ರಿ ತಾನೇ?"

ಅವನು ಮನಸ್ಸಿನಲ್ಲೇ ಅರೆಗಳನ್ನು ಎಣಿಸಿದ. ಸುಳ್ಳು ಹೇಳುವ ಅಭ್ಯಾಸ ಕಚೇರಿಯ ವೇಳೆಯಲ್ಲಿ ಮಾತ್ರ ಇತ್ತು. "ಮುಕ್ಕಾಲು ತೆಗೆದಿದ್ದೆ" ಅಂದ.

ಆ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂದು ಅವನ ಮುಖ ಹುಳ್ಳಗಾಯಿತು.

ಹೆಂಡತಿ ತರಕಾರಿ ಹೆಚ್ಚುವ ಚಾಕು ತಂದು ಗೀರು ಇದ್ದಿರಬಹುದಾದ ಕಡೆ ಒತ್ತಿದಳು. ಚಾಕು ಜಾರಿತು. ಇನ್ನಷ್ಟು ಒತ್ತಿದಾಗ ಬಾಗಿತು. ಅಂಗಡಿಯವನು ಮೊಮ್ಮಕ್ಕಳ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ಅವಳು ಚಾಕು ಬಿಸಾಡಿ ಸುತ್ತಿಗೆ ತಂದಳು.

ಮುಕ್ಕಾಲು ಕಪಾಟಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ. "ಹೊಡೀಬೇಡ ಕಣೇ. ಇಷ್ಟು ವರ್ಷಕ್ಕೆ ಒಂದೇ ಒಂದು ಕೆಲಸ ಮುಗಿಸಿದ್ದೀನಿ. ಇದನ್ನ ಒಡೆದರೆ ನನ್ನ ಹತ್ತಿರ ಏನೂ ಇಲ್ಲ."

ಹೆಂಡತಿಯ ಕೈಯಲ್ಲಿದ್ದ ಸುತ್ತಿಗೆ ತಾನಾಗಿ ಕೆಳಗಿಳಿಯಿತು.

"ಹೋಗ್ಲಿ ಬಿಡ್ರೇ, ಮನೆ ಹಲ್ಲಲ್ಲೇ ಬರ್ತೀನಿ" ಎಂದು ಹೊರಗಿನಿಂದ ಅತ್ತೆ ಅಂದರು. ಟಕ್, ಟಕ್. ಹೋದ ಸಲ ಒಂದು ಮದುವೆಯಲ್ಲಿ ಅತ್ತೆ ಮನಸಾರೆ ನಕ್ಕಾಗ ಆ ಹಲ್ಲು ಬೀಗರ ತಟ್ಟೆಗೆ ಬಿದ್ದು, ಅವರು ಅದನ್ನು ಉಪಚಾರವೆಂದು ತಿಳಿದು ಬೇಡ ಬೇಡ ಅಂದಿದ್ದು ಮೂವರಿಗೂ ಒಟ್ಟಿಗೆ ನೆನಪಾಯಿತು.

ಮುಕ್ಕಾಲು ಹೆಂಡತಿಯ ಕೈಯಿಂದ ಸುತ್ತಿಗೆ ಇಸಿದುಕೊಂಡ. "ಒಂದು ಗಳಿಗೆ ತಡಿ" ಎಂದು ಮಲಗುವ ಕೋಣೆಗೆ ಹೋದ. ಕಪಾಟು ಕೂತಿದ್ದ ಗೋಡೆಯ ಹಿಂಭಾಗ ಇದ್ದದ್ದು ಅಲ್ಲಿ, ಅವನ ದಿಂಬಿಗಿಂತ ತುಸು ಮೇಲೆ. ಮಂಚ ಎಳೆದು ಪಕ್ಕಕ್ಕಿಟ್ಟು, ಉಳಿ ಹಿಡಿದು, ಗೋಡೆ ಒಡೆಯತೊಡಗಿದ. ಒಡೆಯುವ ಕೆಲಸ ಮಾತ್ರ ಅವನ ಕೈಯಲ್ಲಿ ಎಂದೂ ಅರ್ಧಕ್ಕೆ ನಿಂತದ್ದಿಲ್ಲ. ಇಟ್ಟಿಗೆ ಉದುರಿತು, ಕಪಾಟಿನ ಹಿಂದಿನ ಹಲಗೆ ಸೀಳಿತು, ತೋಳು ಹೋಗುವಷ್ಟು ತೂತಾಯಿತು. ಕೈ ಹಾಕಿದ. ಮೊದಲು ಸವೆದ ಬ್ರಶ್ಶೊಂದು ಬಂತು, ಆಮೇಲೆ ಎಂದೋ ಕಳೆದುಹೋಗಿದ್ದ ಬಾಚಣಿಗೆ, ಕೊನೆಗೆ ದುಂಡನೆಯ ಡಬ್ಬಿ. ಅತ್ತೆ ಡಬ್ಬಿಯ ಮೇಲಿನ ಇಟ್ಟಿಗೆ ಪುಡಿ ಒರೆಸಿ, ಹಲ್ಲು ತೊಳೆದು ಹಾಕಿಕೊಂಡರು. ಗೋಡೆಯ ತೂತನ್ನು ನೋಡಿದರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದದ್ದು ಅವನನ್ನು ದಾರಿಯುದ್ದಕ್ಕೂ ಕೊರೆಯಿತು.

ಷಡ್ಡಕನ ಮನೆಯಲ್ಲಿ ಎಲ್ಲ ಬಾಗಿಲೂ ತೆರೆಯುತ್ತಿದ್ದವು, ಅಷ್ಟೇ ಅಲ್ಲ, ಮುಚ್ಚುತ್ತಲೂ ಇದ್ದವು. ಕರೆಗಂಟೆ ಟಾಂಗ್ ಕೂಡ ಅನ್ನುತ್ತಿತ್ತು. "ನೋಡಿ ಭಾವ, ಒಂದು ಮೊಳೆ ಬಾಕಿ ಇಲ್ಲ" ಎಂದು ಷಡ್ಡಕ ಕೋಣೆ ಕೋಣೆಗೂ ಅವನನ್ನು ಎಳೆದುಕೊಂಡು ಹೋಗಿ ತೋರಿಸಿದ. ಊಟಕ್ಕೆ ಕೂತಾಗ ಷಡ್ಡಕನ ತಂದೆ, ಕಿವಿ ಮಂದವಾದ್ದರಿಂದ ಎಲ್ಲರಿಗೂ ಕೇಳುವಂತೆ ಮಾತಾಡುವ ಯಜಮಾನರು, ಮುಕ್ಕಾಲಿನ ಕಡೆ ಬೆರಳು ತೋರಿಸಿದರು.

"ಇವರು ನಿಮ್ಮ ದೊಡ್ಡ ಅಳಿಯ ಅಲ್ವೇ? ಏನೋ ಒಂದು ಹೆಸರಿಟ್ಟಿದ್ರಲ್ಲ ನೀವು?"

ಷಡ್ಡಕ ನಗುವುದಕ್ಕೆ ಆಗಲೇ ಪಕ್ಕಕ್ಕೆ ತಿರುಗಿದ್ದ. ಮುಕ್ಕಾಲು ತಟ್ಟೆಯಲ್ಲಿದ್ದ ಅನ್ನದ ಅಗುಳುಗಳನ್ನು ಒಂದೊಂದಾಗಿ ನೋಡತೊಡಗಿದ. ಅತ್ತೆ ಬಾಯಲ್ಲಿದ್ದುದನ್ನು ಹೊರಗೆ ಹೋಗುವ ಹಲ್ಲಿನಲ್ಲಿ ನಿಧಾನವಾಗಿ ಅಗಿದು, ನುಂಗಿ, ನೀರು ಕುಡಿದರು.

"ಅದು ಹಳೇ ಹೆಸರು. ಇನ್ಮೇಲೆ ಹಾಗನ್ನಲ್ಲ ಅಂತ ಮಾತು ಕೊಟ್ಟಿದ್ದೀನಿ" ಅಂದರು. "ಇವರು ಒಂದು ಕೆಲಸ ಪೂರ್ತಿ ಮುಗಿಸಿದ್ರು. ನಾನೇ ಸಾಕ್ಷಿ. ಅದರ ಬೆನ್ನಿಗೇ ಇನ್ನೊಂದು ಕೆಲಸ ಕಾಲು ಭಾಗ ಶುರು ಹಚ್ಚಿಕೊಂಡಿದ್ದಾರೆ. ಹಾಗಾಗಿ ಈಗ ಇವರು ಒಂದೂಕಾಲು."

ನೆಂಟರು ನಕ್ಕರು. ಅತ್ತೆಯೂ ನಕ್ಕರು, ಹಲ್ಲು ಕದಲಲಿಲ್ಲ. ಅವನು ಮಾತ್ರ ನಗಲಿಲ್ಲ, ಕೂತಲ್ಲೇ ಲೆಕ್ಕ ಹಾಕುತ್ತಿದ್ದ. ಷಡ್ಡಕ ಎಷ್ಟೇ ಪೂರ್ತಿಯಾದರೂ ಒಂದೇ ತಾನೇ. ಅವನು ಇನ್ನೊಂದು ಸಲ ಅನ್ನ ಬಡಿಸಿಕೊಂಡ.

ಸಂಜೆ ಮನೆಗೆ ಬಂದವನೇ ಬಚ್ಚಲುಮನೆಗೆ ಹೋಗಿ, ಕಪಾಟಿನ ಮೇಲೆ ಬೆಳಗ್ಗೆ ಬಿದ್ದಿದ್ದ ಹೆಂಡತಿಯ ಬೆರಳ ಗುರುತನ್ನು ಅಂಗಿಯ ತುದಿಯಿಂದ ಒರೆಸಿದ. ಗೋಡೆಯ ಆಚೆ ಅವಳು ಮಂಚವನ್ನು ಮತ್ತೆ ಗೋಡೆಗೆ ಸರಿಸಿ ಹತ್ತಿ, ತೂತಿನಲ್ಲಿ ತೋಳು ತೂರಿಸಿ, ಒಳಗುಳಿದಿದ್ದ ಸೋಪಿಗಾಗಿ ತಡಕುತ್ತಿದ್ದಳು. ಅವಳ ಮಾತು ಕಪಾಟಿನ ಒಳಗಿನಿಂದ ಬಂದಂತೆ ಕೇಳಿತು.

"ರೀ, ಈ ತೂತು ಯಾವಾಗ ಮುಚ್ತೀರಿ?"

"ಆಗ್ತಾ ಇದೆ" ಅಂದ ಒಂದೂಕಾಲು.