ಮಹಡಿಯ ಬೀಗದ ಕೈ

ಕುಂಬಾರಕೊಪ್ಪಲಿನ ಆ ವಠಾರದ ಮನೆಗಳಿಗೆಲ್ಲ ಬಿಸಿಲೆಂದರೆ ಮಹಡಿಯೊಂದೇ. ಅದರ ಬೀಗದ ಕೈ ವಠಾರಕ್ಕೆಲ್ಲ ಹಿರಿಯರಾದ ಪುಟ್ಟತಾಯಮ್ಮನ ಸೊಂಟದಲ್ಲಿರುತ್ತಿತ್ತು. ಯಾವ ದಿನ ಬಟ್ಟೆ, ಯಾವ ದಿನ ಸಂಡಿಗೆ ಎಂದು ಕಟ್ಟಳೆ ಮಾಡಿದವರೂ ಅವರೇ. ಜಗಳವಾದರೆ ತೀರ್ಪು ಹೇಳುವವರೂ ಅವರೇ. ಯಾರಿಗೂ ಬೇಸರವಿರಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದ ಅನುವಿನ ಮಗುವಿಗೆ ದಿನವೂ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವರೂ ಅವರೇ ತಾನೆ?

ಆ ಬುಧವಾರ ಪುಟ್ಟತಾಯಮ್ಮನ ಸಂಡಿಗೆಯೆಲ್ಲ ನೆನೆದು ಮುದ್ದೆಯಾಗಿತ್ತು. ಅತ್ತ ಹಗ್ಗದ ಮೇಲೆ ಅನುವಿನ ಮಗುವಿನ ಬಟ್ಟೆಗಳು.

“ಸಂಡಿಗೆ ದಿನ ಬಟ್ಟೆ ಹರವ್ಬುಟ್ಟಿದ್ದೀಯಲ್ಲ! ಇನ್ನೊಂದು ತಿಂಗಳು ಮಹಡಿ ಹತ್ತಬೇಡ.”

“ಹರವಿದ್ದು ತಪ್ಪು ಅಜ್ಜಿ. ಮಗೂಗೆ ಒಣಗಿದ ಬಟ್ಟೆ ಒಂದೂ ಇರ್ಲಿಲ್ಲ. ಆದ್ರೆ ಹಿಂಡೇ ಹಾಕಿದ್ದೆ. ಅಷ್ಟೊಂದು ನೀರು ಅದ್ರದ್ದಲ್ಲ.”

“ನಂಗೇ ಕಥೆ ಹೇಳ್ತೀಯಾ?”

ಅನು ಕಣ್ಣೊರೆಸಿಕೊಂಡು ಇಳಿದುಹೋದಳು.

ಪುಟ್ಟತಾಯಮ್ಮನ ಮೊಮ್ಮಗಳು ಕುಸುಮ ರಾಜ್ಯಶಾಸ್ತ್ರದಲ್ಲಿ ಪದವಿ ಮುಗಿಸಿದ್ದರೂ ನಾಲ್ಕು ಜನರ ಮುಂದೆ ಬಾಯಿ ಬಿಡದವಳು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಅಂದಳು: “ಅಜ್ಜೀ, ಕಟ್ಟಳೆ ನಿಂದು, ಬೀಗ ನಿಂದು, ನೆನೆದ ಸಂಡಿಗೇನೂ ನಿಂದೇ. ನ್ಯಾಯಾನೂ ನೀನೇ ಹೇಳಿದ್ರೆ ಅವ್ಳು ಎಲ್ಲಿಗೆ ಹೋಗ್ಬೇಕು?”

“ನಾನು ಅನ್ಯಾಯ ಮಾಡೋಳೇನೇ?”

“ಅಲ್ಲ ಕಣಜ್ಜಿ. ನೀನು ಒಳ್ಳೇವ್ಳು, ಅದಕ್ಕೇ ಯಾರೂ ಎದುರಾಡಲ್ಲ. ಸರ್ಕಾರದಲ್ಲೂ ಕಾನೂನು ಮಾಡೋರು, ನಡೆಸೋರು, ನ್ಯಾಯ ಹೇಳೋರು ಬೇರೆಬೇರೆ ಇರೋದು ಅವರೆಲ್ಲ ಕೆಟ್ಟೋರು ಅಂತಲ್ಲ. ಒಬ್ರು ತಪ್ಪಿದ್ರೆ ಇನ್ನೊಬ್ರು ಹೇಳೋ ಹಾಗಿರ್ಲಿ ಅಂತ.”

“ಓಹೋ, ವಿಧಾನಸೌಧ ನಮ್ಮ ಮಹಡೀಗೇ ಬಂತಲ್ಲಪ್ಪ!” ಅಜ್ಜಿ ಗೇಲಿ ಮಾಡಿದರು. ಆದರೆ ಅನ್ನ ಅರ್ಧಕ್ಕೇ ಬಿಟ್ಟರು.

ಸಂಜೆ ಎದುರುಮನೆಯ ಸುಂದರೇಶ ಮೇಷ್ಟ್ರನ್ನು ಅವರೇ ಕರೆದರು. “ನನ್ನ ಸಂಡಿಗೆ ವಿಷಯದಲ್ಲಿ ನಾನೇ ನ್ಯಾಯ ಹೇಳಬಾರದಂತೆ. ನೀವೇ ನೋಡಿ.”

ಮೇಷ್ಟ್ರು ಮಹಡಿಯನ್ನೊಮ್ಮೆ ಸುತ್ತಿ ಬಂದರು. ನೀರು ಹರಿದ ಗುರುತು ಟ್ಯಾಂಕಿನಿಂದ ನೇರ ಸಂಡಿಗೆಯವರೆಗೂ ಇತ್ತು. “ಬೆಳಿಗ್ಗೆ ಮೋಟರ್ ಹಾಕಿದ್ದು ಯಾರಮ್ಮ?”

ಪುಟ್ಟತಾಯಮ್ಮ ಬಾಯಿಗೆ ಕೈ ಒಯ್ದರು. “ಅಯ್ಯೋ, ನಾನೇ! ಮಗೂಗೆ ನೀರು ಹಾಕ್ತಾ ಆರಿಸೋದೇ ಮರ್ತ್‌ಬುಟ್ಟೆ.”

ಅಂದೇ ಎಲ್ಲ ಮನೆಯವರೂ ಜಗಲಿಯ ಮೇಲೆ ಕೂತರು. ಕಟ್ಟಳೆಯನ್ನು ಎಲ್ಲರೂ ಸೇರಿ ಮಾಡುವುದು, ಬೀಗದ ಕೈ ಮೂಲೆಮನೆಯ ಬೆಟ್ಟಮ್ಮನಿಗೆ, ತಕರಾರು ಮೇಷ್ಟ್ರಿಗೆ ಎಂದಾಯಿತು. ಮಗುವಿನ ಬಟ್ಟೆಗೆ ದಿನದ ಹಂಗಿಲ್ಲ ಎಂದು ಸೇರಿಸಿದವರು ಪುಟ್ಟತಾಯಮ್ಮನೇ.

ಮುಂದಿನ ವಾರ ಅವರು ದಿನ ಮರೆತು, ಬಿಸಿಬಿಸಿ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮಹಡಿಯ ಬಾಗಿಲಿಗೆ ಬಂದರು. ಕೈ ಸೊಂಟಕ್ಕೆ ಹೋಯಿತು. ಅಲ್ಲೇನೂ ಇರಲಿಲ್ಲ.

“ಇವತ್ತು ಬಟ್ಟೆ ದಿನ ಕಣಕ್ಕಾ,” ಕೆಳಗಿನಿಂದ ಬೆಟ್ಟಮ್ಮ ಕೂಗಿದರು.

“ನಂಗೂನಾ?”

“ನಿಮ್ಗೂನೂವೆ.”

ಹಿಂದೆಯೇ ಬಂದಿದ್ದ ಕುಸುಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಪಾತ್ರೆಯನ್ನೊಮ್ಮೆ ನೋಡಿ ನಕ್ಕುಬಿಟ್ಟರು. ಮೆಟ್ಟಿಲಿಳಿದು ನೇರ ಅನುವಿನ ಬಾಗಿಲು ತಟ್ಟಿದರು.

“ತಟ್ಟೆ ತಗೊಂಡು ಬಾರೇ. ಹಿಟ್ಟು ಬಿಸಿಯಾಗಿದ್ದಾಗ್ಲೇ ತಿನ್ಬೇಕು.”