ಮರದ ತೊಗಟೆ, ಚಳಿಜ್ವರ, ನಮ್ಮತ್ತೆ

ಚಳಿಜ್ವರ ನಮ್ಮೂರಿಗೆ ಹೊಸದಲ್ಲ. ಪಾಂಡವಪುರದಲ್ಲಿ ಬಸ್ಸಿಳಿದು ನಾಲೆ ಏರಿ ಹಿಡಿದು ನಡೆದರೆ ನಮ್ಮೂರು. ಸುತ್ತ ಗದ್ದೆ, ಕಬ್ಬು. ನೀರು ನಿಂತ ಕಡೆ ಸೊಳ್ಳೆ, ಸೊಳ್ಳೆ ಇದ್ದ ಕಡೆ ಚಳಿಜ್ವರ.

ನನ್ನ ಹೆಸರು ಉಮ. ನಾನೀಗ ನಮ್ಮ ಮಹಿಳಾ ಸಂಘದ ಅಕ್ಕತಂಗಿಯರಿಗೆ ಹೇಳುತ್ತಿರುವುದು ತೊಂಬತ್ತಾರನೇ ಇಸವಿಯ ಮಾತು. ಆಗ ನಾನು ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷ.

ನಮ್ಮತ್ತೆ ಮಾಯಮ್ಮನ ಕೈಮದ್ದು ಅಂದರೆ ಸುತ್ತಲ ನಾಲ್ಕೂರಿಗೆ ಹೆಸರು. ಹಿತ್ತಲ ತುಂಬ ಅಮೃತಬಳ್ಳಿ, ದೊಡ್ಡಪತ್ರೆ, ಆಡುಸೋಗೆ, ನೆಲಬೇವು. ಬೆಳಗಾದರೆ ಜಗಲಿ ಮೇಲೆ ಯಾರಾದರೂ ಕೆಮ್ಮುತ್ತಲೋ, ಹೊಟ್ಟೆ ಹಿಡಿದುಕೊಂಡೋ ಕೂತಿರೋರು. ಅತ್ತೆ ಮೊದಲು ಅವರಿಗೆ ಕುಡಿಯಕ್ಕೆ ನೀರು ಕೊಡೋರು, ಆಮೇಲೆ ಸೊಪ್ಪು ಕಿತ್ತು ತರೋರು. ಒಲೆ ಮೇಲೆ ಕಷಾಯ ಕುದಿಯುವಾಗ ಬರುತ್ತಿದ್ದ ಆ ಘಾಟು ಈಗ ಎಲ್ಲಾದರೂ ಬಂದರೆ ನನ್ನ ಕಾಲು ನಿಂತುಬಿಡುತ್ತದೆ.

ಆ ವರ್ಷ ನಾಟಿ ಮುಗಿದ ಮೇಲೆ ನಮ್ಮೆಜಮಾನರು ಸಿದ್ದರಾಜು ಮಲಗಿಬಿಟ್ಟರು. ಮಟಮಟ ಮಧ್ಯಾಹ್ನ, ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಆಮೇಲೆ ಮೈಯೆಲ್ಲ ಬೆಂಕಿ. ಆಮೇಲೆ ಹಾಸಿಗೆ ನೆನೆಯುವಷ್ಟು ಬೆವರು. ಅತ್ತೆ ನೆಲಬೇವಿನ ಕಷಾಯ ಕುಡಿಸಿದರು. ಮಾರನೇ ದಿನ ಅವರು ಏನೂ ಆಗದವರಂತೆ ಗದ್ದೆಗೆ ಹೋದರು.

"ನೋಡ್ದಾ ಉಮಾ? ಒಂದೇ ಲೋಟಕ್ಕೆ ಜ್ವರ ಓಡೋಯ್ತು," ಅಂದರು ಅತ್ತೆ.

ಮೂರನೇ ದಿನ ಅದೇ ಹೊತ್ತಿಗೆ ಮತ್ತೆ ಚಳಿ. ಮತ್ತೆ ಕಷಾಯ. ಹೀಗೆ ನಾಲ್ಕು ಸಲ ಆಯಿತು. ಆಳು ಅರ್ಧ ಆದರು. ಕಣ್ಣು ಬೆಳ್ಳಗೆ, ಬಾಯಿಗೆ ಅನ್ನ ಸೇರದು.

ಆಗ ಸೈಕಲ್ಲಲ್ಲಿ ಬಂದೋರು ಆರೋಗ್ಯ ಇಲಾಖೆಯ ಚಿಕ್ಕಸ್ವಾಮಿ. ಹದಿನೈದು ದಿನಕ್ಕೊಮ್ಮೆ ಮನೆಮನೆಗೂ ಬಂದು ಜ್ವರ ವಿಚಾರಿಸಿ, ಬಾಗಿಲ ಹಿಂದಿನ ಗೋಡೆ ಮೇಲೆ ತಾರೀಕು ಬರೆದು ಹೋಗೋದು ಅವರ ಕೆಲಸ.

"ಯಾರ್ಗಾದ್ರೂ ಜ್ವರ ಐತಾ ಮಾಯವ್ವ?"

"ಯಾರ್ಗೂ ಇಲ್ಲ, ಓಗಪ್ಪ."

ನಾನು ಧೈರ್ಯ ಮಾಡಿದೆ. "ಇವರಿಗೆ ಐತೆ ಅಣ್ಣಾ. ದಿನ ಬುಟ್ಟು ದಿನ ಬತ್ತಾ ಐತೆ."

ಅತ್ತೆ ನನ್ನನ್ನು ಗುರಾಯಿಸಿದರು. ಚಿಕ್ಕಸ್ವಾಮಿ ಚೀಲದಿಂದ ಸೂಜಿ, ರಕ್ತ ಸವರುವ ಗಾಜಿನ ಪಟ್ಟಿ ತೆಗೆದರು. "ಬೆರಳಿಂದ ಒಂದು ತೊಟ್ಟು ರಕ್ತ ಸಾಕು. ಮಲೇರಿಯಾನಾ ಅಂತ ನೋಡ್ಬೇಕು."

"ಮೊದ್ಲೇ ರಕ್ತ ಇಲ್ಲ, ಇರೋದ್ನೂ ತಗೀತೀಯಾ? ನಿನ್ ಮಾತ್ರೆ ಬರೀ ಉಷ್ಣ. ಮಣ್ಣಲ್ಲಿ ಹುಟ್ಟಿದ್ದೇ ಮೈಗೆ ಒಗ್ಗೋದು. ಗಿಡಮೂಲಿಕೆ ಮುಂದೆ ಅದೆಲ್ಲ ಯಾವ ಲೆಕ್ಕ?"

ಚಿಕ್ಕಸ್ವಾಮಿ ಸಿಟ್ಟಾಗಲಿಲ್ಲ. ಜಗಲಿ ಮೇಲೆ ಕೂತರು.

"ಚಳಿಜ್ವರದ ಮದ್ದೂ ಮೊದ್ಲು ಮರದಿಂದ್ಲೇ ಬಂದಿದ್ದು ಕಣವ್ವ. ಸಿಂಕೋನ ಅಂತ ಒಂದು ಮರ. ಸಮುದ್ರದಾಚೆ, ದೂರದ ಬೆಟ್ಟದೋರು ಅದರ ತೊಗಟೆ ಕುಟ್ಟಿ ಪುಡಿ ಮಾಡಿ ಜ್ವರಕ್ಕೆ ಕೊಡ್ತಿದ್ರು. ಆಮೇಲೆ ನಮ್ ಊಟಿ ಬೆಟ್ಟದಲ್ಲೂ ಬೆಳೆಸುದ್ರು. ಅದರ ಸತ್ವ ತಗ್ದು ಮಾಡಿದ್ದೇ ಕ್ವಿನೈನು. ನಾಲೆ ಬಂದ ಹೊಸದ್ರಲ್ಲಿ ಸರ್ಕಾರದೋರು ಕಹಿ ಪುಡಿ ಹಂಚಿರ್ಬೇಕಲ್ಲ, ನಿಮ್ಗೆ ಗ್ಯಾಪ್ಕ ಇಲ್ವಾ?"

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು.

"ಬಿಳೀ ಪುಡಿ. ಸುಣ್ಣದಂಗಿತ್ತು. ಅದು ಮರದ್ದಾ?"

"ಮರದ ತೊಗಟೇದೇ ಕಣವ್ವ."

ಅತ್ತೆ ಸೊಪ್ಪು ಪಕ್ಕಕ್ಕಿಟ್ಟು ಚಿಕ್ಕಸ್ವಾಮಿ ಎದುರು ಕೂತರು.

"ನಂಗಾಗ ಒಂಬತ್ತೋ ಹತ್ತೋ ವರ್ಸ. ನನ್ ತಂಗಿ ದ್ಯಾವಿಗೆ ಐದು. ಇಬ್ರಿಗೂ ಚಳಿಜ್ವರ. ಆ ಪುಡಿ ನುಂಗುದ್ರೆ ಕಿವಿ ಗುಂಯ್ ಅನ್ನೋದು, ವಾಂತಿ ಬರೋದು. ನಾನು ಎಂಗೋ ನುಂಗ್ದೆ. ದ್ಯಾವಿ 'ಕಹಿ ಕಣಕ್ಕ, ಬ್ಯಾಡ ಕಣಕ್ಕ' ಅಂತ ನನ್ ಕಾಲು ಕಟ್ಕಂಡು ಅಳೋಳು. ಕರುಳು ತಡೀನಿಲ್ಲ. ಅವಳ ಪಾಲಿನ ಪುಡೀನ ನಾಲೆಗೆ ಚೆಲ್ಬುಟ್ಟು, ಅವ್ವುನ್ ತಾವ 'ನುಂಗ್ಸಿದೀನಿ' ಅಂದೆ. ಹತ್ತು ದಿನಕ್ಕೆ ದ್ಯಾವಿ ತೀರ್ಕಂಡ್ಳು. ನಾನು ಬದುಕ್ದೆ. ಯಾರ್ಗೂ ಹೇಳ್ನಿಲ್ಲ ಕಣಪ್ಪ. ಆ ಪುಡಿ ಉಪ್ಯೋಗಕ್ಕೆ ಬರದ ಸುಣ್ಣ ಅಂತ್ಲೇ ಮನಸ್ಗೆ ಹೇಳ್ಕಂಡು ಬಂದೆ."

ಎಪ್ಪತ್ತರ ಹತ್ತಿರದ ನಮ್ಮತ್ತೆ ಮಗುವಿನಂತೆ ಅತ್ತರು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದೆ.

ಚಿಕ್ಕಸ್ವಾಮಿ ಮೆಲ್ಲಗೆ ಹೇಳಿದರು. "ಆಗ ನೀವೂ ಮಗುವೇ ಅಲ್ವಾ ಅವ್ವ. ಈಗ್ಲೂ ನಾನು ಸುಳ್ ಹೇಳಕಿಲ್ಲ. ಈ ಮಾತ್ರೆ ಕಾರ್ಖಾನೇಲಿ ಮಾಡಿದ್ದು, ತೊಗಟೆ ಅಲ್ಲ. ಆದ್ರೆ ದಾರಿ ತೋರ್ಸಿದ್ದು ಆ ತೊಗಟೆ. ನಿಮ್ ಸೊಪ್ಪು ಕೆಟ್ಟದ್ದು ಅನ್ನಲ್ಲ. ಆದ್ರೆ ಯಾವ ಕಾಯಿಲೆಗೆ ಯಾವುದು, ಎಷ್ಟು ಅಂತ ಪರೀಕ್ಷೆ ಮಾಡಿ ಕಂಡ್ಕಬೇಕು. ಸೊಳ್ಳೆ ಕಚ್ಚಿ ರಕ್ತದೊಳಗೆ ಬಂದಿರೋ ಈ ಮಲೇರಿಯಾನ ಕಷಾಯ ಸಾಯ್ಸಕಿಲ್ಲ."

ಅತ್ತೆ ಸೆರಗಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. "ಏಳ್ಲಾ ಸಿದ್ದ. ಬೆರಳು ಕೊಡ್ಲಾ."

ಚಿಕ್ಕಸ್ವಾಮಿ ರಕ್ತ ತೆಗೆದುಕೊಂಡು ಮೊದಲ ಮಾತ್ರೆಗಳನ್ನು ಅಲ್ಲೇ ನುಂಗಿಸಿದರು. ಎರಡು ದಿನಕ್ಕೆ ಜ್ವರ ಬಿಟ್ಟಿತು. ವಾರದ ಮೇಲೆ ಪಾಂಡವಪುರದಿಂದ ವರದಿ ಬಂತು, ಮಲೇರಿಯಾನೇ. ಚಿಕ್ಕಸ್ವಾಮಿ ಇನ್ನೊಂದು ಬಗೆಯ ಮಾತ್ರೆ ತಂದರು. ದಿನಾ ಊಟ ಆದ ಮೇಲೆ ತಗೊಳ್ಳಬೇಕು, ಒಂದು ದಿನವೂ ಬಿಡಬಾರದು ಅಂದರು.

ಎರಡು ದಿನ ನುಂಗಿ ನಮ್ಮೆಜಮಾನರು, "ಜ್ವರ ಓಯ್ತಲ್ಲ ಬುಡವ್ವ, ಸಾಕು. ಬಾಯೆಲ್ಲ ಕೆಟ್ಟೋಗದೆ," ಅಂದರು.

ಅತ್ತೆ ನೀರಿನ ಚೊಂಬು ಹಿಡಿದು ಎದುರಿಗೆ ನಿಂತರು. "ಈಲಿ, ಅದೇ ಲಿವರ್ರು ಅಂತಾರಲ್ಲ, ಅದರೊಳಗೆ ಜ್ವರದ ಹುಳ ಅವಿತ್ಕಂಡಿರ್ತವಂತೆ ಕಣ್ಲಾ. ನುಂಗ್ಲಾ. ಬಾಯಿ ತಗಿ, ನೋಡ್ತೀನಿ."

ಕೊನೆಯ ಮಾತ್ರೆಯವರೆಗೂ ದಿನಾ ಬಾಯಿ ತೆಗೆಸಿ ನೋಡಿದರು. ಸುಗ್ಗಿ ಹೊತ್ತಿಗೆ ನಮ್ಮೆಜಮಾನರು ಭತ್ತದ ಮೂಟೆ ಹೊರುವಷ್ಟು ಗಟ್ಟಿಯಾದರು.

ಆಮೇಲೂ ಜನ ಮದ್ದಿಗೆ ಬರುತ್ತಿದ್ದರು. ಜ್ವರ ಅಂದರೆ ಮಾತ್ರ ಅತ್ತೆ ಒಲೆ ಹಚ್ಚುತ್ತಿರಲಿಲ್ಲ. "ರಕ್ತ ತೋರ್ಸಿದ್ಯಾ? ಮೊದ್ಲು ತೋರ್ಸ್ಕಂಡು ಬಾ, ಓಗು," ಅನ್ನೋರು. ಕೆಲವರು ಮುನಿಸಿಕೊಂಡರು. ಅತ್ತೆ ಜಗ್ಗಲಿಲ್ಲ. ಅತ್ತೆ ತೀರಿಕೊಂಡು ಈಗ ಎಷ್ಟೋ ವರ್ಷವಾಯಿತು.

ಅಕ್ಕತಂಗಿಯರೇ, ಚಳಿ ಹಿಡಿದು ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ. ನಡುವೆ ಒಂದು ದಿನ ಹಗುರಾಯಿತು ಅಂತ ಮೋಸಹೋಗಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ತೋರಿಸಿ. ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ಪೂರ್ತಿ ನುಂಗಿ. ಸೊಳ್ಳೆಪರದೆ ಕಟ್ಟಿ ಮಲಗಿ, ಮನೆ ಸುತ್ತ ನಿಂತ ನೀರು ಚೆಲ್ಲಿ. ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈ ಹೊತ್ತು ಯಾರಾದರೂ ಜ್ವರದಲ್ಲಿ ಮಲಗಿದ್ದರೆ ಸಂಘದ ಸಭೆ ಮುಗಿಯಲಿ ಅಂತ ಕಾಯಬೇಡಿ. ಎದ್ದು ಹೋಗಿ. ನಾವು ಯಾರೂ ತಪ್ಪು ತಿಳಿಯುವುದಿಲ್ಲ.